ಹೊಳೆಯ ನಡುವೆ ಕಾನೂನು ಯಾರದು?

ಕೊಪ್ಪಳ ಜಿಲ್ಲೆಗೆ ಸಮುದ್ರವಿಲ್ಲ. ಹಾಗಾಗಿ ಮೀನುಗಾರಿಕೆಯ ಕಾನೂನು, ದೋಣಿಯ ಸುರಕ್ಷತೆ ಎಂಬ ಮಾತು ಬಂದರೆ ನಮ್ಮ ಕಡೆಯ ಜನ ಅದು ಮಲ್ಪೆಯದೋ ಕಾರವಾರದ್ದೋ ಇರಬೇಕು ಎಂದುಕೊಂಡು ಪುಟ ತಿರುವುತ್ತಾರೆ. ಕರಾವಳಿಯಲ್ಲಿ ಆ ವಿಷಯ ಮನೆಮನೆಯ ಮಾತು. 1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಏನು ಹೇಳುತ್ತದೆ, ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳು ಯಾಕೆ ದಡದಲ್ಲೇ ನಿಲ್ಲಬೇಕು ಎಂಬುದು ಅಲ್ಲಿ ಬಲೆ ಹೆಣೆಯುವ ಹುಡುಗನಿಗೂ ಗೊತ್ತು. ಅಲ್ಲಿ ಕರಾವಳಿ ಕಾವಲು ಪೊಲೀಸ್ ಪಡೆಯಿದೆ, ಅದಕ್ಕೆ ಸ್ವಂತ ದೋಣಿಗಳಿವೆ. ನಮ್ಮಲ್ಲಿ ಏನಿದೆ?

ನೀರಂತೂ ಇದೆ. ತುಂಗಭದ್ರಾ ಜಲಾಶಯ ತುಂಬಿದಾಗ ಹರಡಿಕೊಳ್ಳುವ ವಿಸ್ತೀರ್ಣ ಸುಮಾರು 378 ಚದರ ಕಿಲೋಮೀಟರ್. ಅದರ ಎಡದಂಡೆಯಲ್ಲಿ ಕೊಪ್ಪಳ ತಾಲ್ಲೂಕಿನ ಊರುಗಳಿವೆ. ಮುನಿರಾಬಾದಿನಲ್ಲಿ ಅಣೆಕಟ್ಟೆ ದಾಟಿದ ಹೊಳೆ ಹುಲಿಗಿಯ ಮಗ್ಗುಲಲ್ಲಿ ಹರಿದು, ಶಿವಪುರ, ಸಾಣಾಪುರ, ಆನೆಗೊಂದಿಗಳನ್ನು ಬಳಸಿ, ಗಂಗಾವತಿ ತಾಲ್ಲೂಕಿನ ಅಂಚು ಹಿಡಿದು ಕಂಪ್ಲಿಯತ್ತ ಸಾಗುತ್ತದೆ. ಈ ದಾರಿಯುದ್ದಕ್ಕೂ ಬಲೆ ಬೀಸುವವರು, ತೆಪ್ಪ ಹಾಕುವವರು, ಮಿಂದು ಹರಕೆ ಒಪ್ಪಿಸುವವರು, ಬಂಡೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ಇದ್ದೇ ಇರುತ್ತಾರೆ. ಅವರೆಲ್ಲರ ಜೊತೆಗೆ, ಅವರಿಗಿಂತ ಹಿಂದಿನಿಂದಲೂ ಆ ನೀರಲ್ಲಿ ಬಾಳುತ್ತ ಬಂದ ಇನ್ನೊಂದು ಜೀವವಿದೆ: ನೀರುನಾಯಿ.

ಈ ನೀರುನಾಯಿಯ ಸಲುವಾಗಿಯೇ ರಾಜ್ಯ ಸರ್ಕಾರ 2015ರಲ್ಲಿ ತುಂಗಭದ್ರಾ ಅಣೆಕಟ್ಟೆಯಿಂದ ಕಂಪ್ಲಿ ಸೇತುವೆಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು ನೀರುನಾಯಿ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ನೀರುನಾಯಿಗೆಂದೇ ಮೀಸಲಾದ ಇಂಥ ಜಾಗ ದೇಶದಲ್ಲಿ ಅದೇ ಮೊದಲು. ನುಣುಪು ತುಪ್ಪಳದ ಈ ಪ್ರಾಣಿ ಗುಂಪುಗೂಡಿ ಬದುಕುತ್ತದೆ, ಗುಂಪುಗೂಡಿಯೇ ಮೀನು ಅಟ್ಟುತ್ತದೆ, ದಂಡೆಯ ಬಂಡೆಸಂದಿನಲ್ಲಿ ಮರಿ ಮಾಡುತ್ತದೆ. ಇದೇ ನೀರಲ್ಲಿ ಮೊಸಳೆಗಳಿವೆ, ಮೆದುಚಿಪ್ಪಿನ ಆಮೆಗಳಿವೆ. ಘೋಷಣೆಯಾಗಿ ಹತ್ತು ವರ್ಷ ದಾಟಿದರೂ ದಂಡೆಯ ಹಳ್ಳಿಗಳಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಿದವರು ಕಡಿಮೆ. ಮೀಸಲು ಅಂದರೆ ಹೊಳೆಗೆ ಇಳಿಯಲೇಬಾರದು ಎಂದು ಕೆಲವರು ಹೆದರುತ್ತಾರೆ. ಅದು ಬರೀ ಒಂದು ಬೋರ್ಡು ಎಂದು ಉಳಿದವರು ಸುಮ್ಮನಾಗುತ್ತಾರೆ. ಎರಡೂ ತಪ್ಪು. ಇಲ್ಲಿ ಕಾನೂನು ಏನು ಹೇಳುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದು 36ಎ ಎಂಬ ಕಲಂ ಸೇರಿಸಿದರು. ಸರ್ಕಾರದ ಒಡೆತನದಲ್ಲಿರುವ ಜಾಗವನ್ನು, ಅಲ್ಲಿನ ಜನರ ಜೊತೆ ಸಮಾಲೋಚಿಸಿ, ಸಂರಕ್ಷಣಾ ಮೀಸಲು ಎಂದು ಘೋಷಿಸಬಹುದು ಎನ್ನುತ್ತದೆ ಅದು. ಜನರ ಜೊತೆ ಸಮಾಲೋಚಿಸಿ ಎಂಬ ಮಾತಿಗೆ ಅಡಿಗೆರೆ ಎಳೆಯಬೇಕು. ಏಕೆಂದರೆ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೂ ಈ ಮೀಸಲಿಗೂ ಇರುವ ವ್ಯತ್ಯಾಸ ಹುಟ್ಟುವುದು ಅಲ್ಲಿಂದಲೇ. ಅಭಯಾರಣ್ಯಕ್ಕೆ ಅನ್ವಯಿಸುವ ಎಲ್ಲ ಕಲಂಗಳೂ ಇಲ್ಲಿಗೆ ಅನ್ವಯಿಸುವುದಿಲ್ಲ, ಆಯ್ದ ಕೆಲವು ಮಾತ್ರ. ಒಳಗೆ ಕಾಲಿಡಲು ಅನುಮತಿ ಬೇಕು ಎನ್ನುವ ಕಲಂ ಆ ಪಟ್ಟಿಯಲ್ಲಿಲ್ಲ. ಪರವಾನಗಿ ಇರುವ ಬೆಸ್ತರವನು ಬಲೆ ಬೀಸುವುದನ್ನು ಮೀಸಲು ಎಂಬ ಒಂದೇ ಕಾರಣಕ್ಕೆ ಅಪರಾಧವೆನ್ನುವ ಕಲಂ ಕೂಡ ಅದರಲ್ಲಿಲ್ಲ. ಪಟ್ಟಿಯಲ್ಲಿ ಇರುವುದು ಬೇರೆ. ಕಲಂ 30ರಂತೆ ಬೆಂಕಿ ಹಚ್ಚುವಂತಿಲ್ಲ. ಕಲಂ 27ರ ಒಂದು ಉಪಕಲಮಿನಂತೆ ಕಾಡುಪ್ರಾಣಿಯನ್ನು ಪೀಡಿಸುವಂತಿಲ್ಲ, ಜಾಗದಲ್ಲಿ ಕಸ ಚೆಲ್ಲುವಂತಿಲ್ಲ. ತೆಪ್ಪದಿಂದ ಬಿಯರ್ ಬಾಟಲಿ, ಚಿಪ್ಸ್ ಪೊಟ್ಟಣ ಎಸೆಯುವವರು ಇದನ್ನೊಮ್ಮೆ ಓದಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಕಲಂ 32. ವನ್ಯಜೀವಿಗೆ ಹಾನಿ ಮಾಡಬಲ್ಲ ರಾಸಾಯನಿಕವನ್ನಾಗಲಿ ಸ್ಫೋಟಕವನ್ನಾಗಲಿ ಇಲ್ಲಿ ಬಳಸುವಂತಿಲ್ಲ. ಈ ಕಾಯ್ದೆಯ ಪ್ರಕಾರ ಪ್ರಾಣಿ ಎಂಬುದರಲ್ಲಿ ಮೀನೂ ಸೇರುತ್ತದೆ. ಹೊಳೆಗೆ ಜಿಲೆಟಿನ್ ಕಡ್ಡಿ ಎಸೆದವನು ತಾನು ನೀರುನಾಯಿಗೆ ಗುರಿ ಇಟ್ಟಿರಲಿಲ್ಲ, ಮೀನಿಗೆ ಮಾತ್ರ ಇಟ್ಟಿದ್ದೆ ಎಂದು ವಾದಿಸಿ ಪಾರಾಗುವಂತಿಲ್ಲ.

ಇದೇ ಕಲಂ 27ರಲ್ಲಿ ಇನ್ನೊಂದು ಮಾತಿದೆ. ಜನ ಅದನ್ನು ಕೇಳಿಯೇ ಇಲ್ಲ, ಅಧಿಕಾರಿಗಳೂ ಹೆಚ್ಚು ಹೇಳಿಲ್ಲ. ಮೀಸಲಿನೊಳಗೆ ವಾಸಿಸುವ ಪ್ರತಿಯೊಬ್ಬರಿಗೂ ಅಪರಾಧ ತಡೆಯುವ, ಅಪರಾಧಿಯನ್ನು ಪತ್ತೆ ಮಾಡಲು ನೆರವಾಗುವ, ಸತ್ತ ಪ್ರಾಣಿ ಕಂಡರೆ ವರದಿ ಮಾಡಿ ಅಧಿಕಾರಿ ಬರುವವರೆಗೆ ಅದನ್ನು ಕಾಯುವ ಹೊಣೆಯನ್ನು ಕಾನೂನು ಹೊರಿಸಿದೆ. ಅಂದರೆ ಕಾವಲು ಬರೀ ಖಾಕಿಯವರ ಕೆಲಸ ಎಂದು ಕಾನೂನೇ ಭಾವಿಸಿಲ್ಲ. ಹೊಳೆಯ ಜನರನ್ನು ಕಾವಲಿನ ಪಾಲುದಾರರು ಎಂದು ಬರೆದಿಟ್ಟು, ಆಮೇಲೆ ಆ ಪಾಲುದಾರಿಕೆಯನ್ನು ನಾವೇ ಮರೆತಿದ್ದೇವೆ.

ಸ್ಫೋಟಕ್ಕೆ ಇಷ್ಟೊಂದು ಒತ್ತು ಯಾಕೆ ಎಂದು ಕೇಳಬಹುದು. ನೀರಲ್ಲಿ ಸಿಡಿಮದ್ದು ಸಿಡಿದರೆ ಏನಾಗುತ್ತದೆ ನೋಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಹಾಗೆ ಕುಗ್ಗಿಸಲು ಬರುವುದಿಲ್ಲ. ಹಾಗಾಗಿ ಸಿಡಿತದ ಒತ್ತಡ ಬೇಗ ತನ್ನ ಕಸುವು ಕಳೆದುಕೊಳ್ಳದೆ ದೂರದವರೆಗೆ ಹಾಯುತ್ತದೆ. ಮೀನಿನ ಹೊಟ್ಟೆಯಲ್ಲಿ ಗಾಳಿಚೀಲವಿರುತ್ತದೆ, ಅದರ ನೆರವಿನಿಂದಲೇ ಮೀನು ನೀರಲ್ಲಿ ಬೇಕಾದ ಆಳದಲ್ಲಿ ನಿಲ್ಲುವುದು. ಒತ್ತಡದ ಅಲೆ ಹಾದುಹೋಗುವಾಗ ಮೊದಲು ಒಡೆಯುವುದು ಆ ಚೀಲ. ಆಮೇಲೆ ರಕ್ತನಾಳಗಳು, ಮೂತ್ರಪಿಂಡ. ಗಾಳಿಚೀಲ ಒಡೆದ ಮೀನು ಮೇಲೆ ತೇಲುವುದಿಲ್ಲ, ಮುಳುಗುತ್ತದೆ. ಸಿಡಿಸಿದವನ ಕೈಗೆ ಸಿಗುವುದು ಸತ್ತದ್ದರಲ್ಲಿ ಒಂದು ಪಾಲು ಮಾತ್ರ, ಮಿಕ್ಕದ್ದು ಮಡುವಿನ ತಳದಲ್ಲಿ ಕೊಳೆಯುತ್ತದೆ. ಹತ್ತಿರದಲ್ಲಿದ್ದ ಮೀನಿನ ಮರಿಗಳೂ ಉಳಿಯುವುದಿಲ್ಲ. ನೀರುನಾಯಿಯಂಥ ಶ್ವಾಸಕೋಶವಿರುವ ಪ್ರಾಣಿ ಹತ್ತಿರದಲ್ಲಿ ಮುಳುಗಿದ್ದರೆ ಅದರ ಎದೆಯೂ ಕಿವಿಯೂ ಹೋಗುತ್ತವೆ. ಅದೇ ಮಡುವಿನಲ್ಲಿ ಈಜುತ್ತಿರುವ ಮನುಷ್ಯನಿಗೂ ಆಗುವುದು ಅದೇ. ಮದ್ದಿಗೆ ಬೆಂಕಿ ತಾಗಿಸಿ ಎಸೆಯುವುದು ಒಂದು ಕ್ಷಣ ತಡವಾಗಿ ಕೈ ಕಳೆದುಕೊಂಡವರು ಕರ್ನಾಟಕದ ಎಷ್ಟೋ ಹೊಳೆದಂಡೆಗಳಲ್ಲಿ ಇದ್ದಾರೆ.

ನಮ್ಮ ಜಿಲ್ಲೆಗೆ ಇದರಲ್ಲಿ ವಿಶೇಷ ಹೊಣೆಯಿದೆ. ಕುಷ್ಟಗಿ ತಾಲ್ಲೂಕಿನಿಂದ ಇಳಕಲ್‌ವರೆಗಿನ ನೆಲ ಗ್ರಾನೈಟಿಗೆ ಹೆಸರಾದದ್ದು. ಕಲ್ಲುಗಣಿ ಇರುವಲ್ಲಿ ಸ್ಫೋಟಕ ಕಾನೂನುಬದ್ಧವಾಗಿಯೇ ಬರುತ್ತದೆ, ಖರ್ಚಾಗುತ್ತದೆ. ಎಷ್ಟು ಬಂತು, ಎಷ್ಟು ಸಿಡಿಯಿತು, ಎಷ್ಟು ಉಳಿಯಿತು ಎಂಬ ಲೆಕ್ಕದ ಪುಸ್ತಕ ಸರಿಯಾಗಿದ್ದರೆ ಒಂದು ಕಡ್ಡಿಯೂ ಹೊಳೆಗೆ ಬರಲಾರದು. ಲೈಸೆನ್ಸಿಲ್ಲದೆ ಅನುಮಾನಾಸ್ಪದವಾಗಿ ಸ್ಫೋಟಕ ಇಟ್ಟುಕೊಳ್ಳುವುದೇ 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿ ಗಂಭೀರ ಅಪರಾಧ. ಸಿಡಿಸಿ ಮೀನು ಹಿಡಿಯಬಾರದು, ವಿಷ ಹಾಕಬಾರದು ಎಂದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯೇ ಹೇಳಿತ್ತು. ಒಳನಾಡಿನ ನೀರಿಗೆ ಈಗ ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಇದೆ. ಕಾನೂನಿಗೆ ಬರವಿಲ್ಲ. ಒಂದೇ ಸಿಡಿತಕ್ಕೆ ಮೂರು ಇಲಾಖೆಗಳು ಕೇಸು ಹಾಕಬಹುದು. ಮೂರರಲ್ಲಿ ಪ್ರತಿಯೊಂದೂ ಉಳಿದ ಎರಡು ನೋಡಿಕೊಳ್ಳುತ್ತವೆ ಎಂದುಕೊಂಡರೆ ಒಂದೂ ಕೇಸು ಆಗುವುದಿಲ್ಲ.

ಹೊಳೆಯಲ್ಲಿ ಕಾಯುವವರ ಸ್ಥಿತಿಯನ್ನು ಈಗ ನೋಡಬೇಕು. ಸಂರಕ್ಷಣಾ ಮೀಸಲು ಅರಣ್ಯ ಇಲಾಖೆಯ ಹೊಣೆ. ಅಲ್ಲಿನ ಗಸ್ತು ಅರಣ್ಯ ಪಾಲಕನ ತರಬೇತಿ ನೆಲದ್ದು: ಹೆಜ್ಜೆ ಗುರುತಿಸುವುದು, ಬೆಂಕಿ ಆರಿಸುವುದು, ಕಡಿದ ಮರದ ಬುಡ ಅಳೆಯುವುದು. ನೀರಿನ ಗಸ್ತು ಬೇರೆಯೇ ವಿದ್ಯೆ. ದಂಡೆಯ ಮೇಲೆ ನಿಂತು ನಡುಗಡ್ಡೆಯ ಆಚೆ ಏನು ನಡೆಯುತ್ತಿದೆ ಎಂದು ಕಾಣುವುದಿಲ್ಲ. ಆನೆಗೊಂದಿಯ ಸುತ್ತ ಹೊಳೆ ಒಂದೇ ಧಾರೆಯಾಗಿ ಹರಿಯುವುದೂ ಇಲ್ಲ. ಬಂಡೆಗಳ ನಡುವೆ ಹಲವು ಕವಲಾಗಿ ಒಡೆದು ಮತ್ತೆ ಕೂಡುತ್ತದೆ. ಅದರ ಜೊತೆಗೆ ಎಲ್ಲೆಯ ತೊಡಕು. ಎಡದಂಡೆ ಕೊಪ್ಪಳ ಜಿಲ್ಲೆ. ಬಲದಂಡೆ ಹಿಂದೆ ಒಂದೇ ಬಳ್ಳಾರಿಯಾಗಿತ್ತು, 2021ರಿಂದ ಹೊಸಪೇಟೆಯ ಭಾಗ ವಿಜಯನಗರ ಜಿಲ್ಲೆಗೆ ಸೇರಿತು, ಕಂಪ್ಲಿ ಬಳ್ಳಾರಿಯಲ್ಲೇ ಉಳಿಯಿತು. ಹೀಗೆ 34 ಕಿಲೋಮೀಟರಿನ ಒಂದು ಹೊಳೆಗೆ ಮೂರು ಜಿಲ್ಲೆಗಳಾದವು. ಅಣೆಕಟ್ಟೆಯೂ ಅದರ ಗೇಟುಗಳೂ ತುಂಗಭದ್ರಾ ಮಂಡಳಿಯ ಕೈಯಲ್ಲಿವೆ. ಹಂಪಿಯ ಸುತ್ತ ಪಾರಂಪರಿಕ ಪ್ರದೇಶದ ಪ್ರಾಧಿಕಾರದ ಮಾತು ನಡೆಯುತ್ತದೆ. ತಪ್ಪು ಮಾಡಿದವನಿಗೆ ಹುಟ್ಟು ಹಾಕಿ ಆಚೆ ದಂಡೆ ಮುಟ್ಟಲು ಹತ್ತು ನಿಮಿಷ ಸಾಕು. ಅವನ ಬೆನ್ನು ಹತ್ತಿದ ಸಿಬ್ಬಂದಿ ಸೇತುವೆ ಹುಡುಕಿಕೊಂಡು ಸುತ್ತಿ ಹೋಗಬೇಕು.

ಅಧಿಕಾರದ ಕೊರತೆ ಮಾತ್ರ ಇಲ್ಲ. ವನ್ಯಜೀವಿ ಕಾಯ್ದೆಯ ಕಲಂ 50 ಅರಣ್ಯಾಧಿಕಾರಿಗೆ ದೋಣಿಯನ್ನು ನಿಲ್ಲಿಸಿ ಶೋಧಿಸುವ, ಬಲೆ, ಹತ್ಯಾರು ಜಪ್ತಿ ಮಾಡುವ, ಬಂಧಿಸುವ ಅಧಿಕಾರ ಕೊಡುತ್ತದೆ. 2022ರ ತಿದ್ದುಪಡಿ ನೀರುನಾಯಿಯನ್ನು ಅತಿ ಹೆಚ್ಚು ರಕ್ಷಣೆಯ ಮೊದಲ ಅನುಸೂಚಿಗೆ ಏರಿಸಿತು. ಈಗ ಅದನ್ನು ಕೊಂದರೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಜೈಲು, ಜೊತೆಗೆ 25 ಸಾವಿರ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಅದಕ್ಕೂ ಮೊದಲು 2019ರಲ್ಲಿ, ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ಪೂರ್ತಿ ನಿಲ್ಲಿಸುವ ತೀರ್ಮಾನಕ್ಕೆ ಜಗತ್ತಿನ ರಾಷ್ಟ್ರಗಳು ಬಂದಿದ್ದವು. ಇಷ್ಟು ಗಟ್ಟಿ ಕಾನೂನಿನ ಕೊನೆಯ ಕೊಂಡಿ ಮಾತ್ರ ದಂಡೆಯಲ್ಲಿ ಒಬ್ಬಂಟಿಯಾಗಿ, ದೋಣಿಯಿಲ್ಲದೆ ನಿಂತ ಪಾಲಕ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ದೋಣಿ, ಲೈಫ್ ಜಾಕೆಟ್, ಈಜಿನ ತರಬೇತಿ, ರಾತ್ರಿ ಕಾಣುವ ದುರ್ಬೀನು ಇವನ್ನೆಲ್ಲ ಕೊಟ್ಟು ಆಮೇಲೆ ಲೆಕ್ಕ ಕೇಳಬೇಕು ಎಂಬುದು ನನ್ನ ಮಾತು. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ತೋಳಗಳನ್ನು, ಆಚೆ ದಂಡೆಯ ದರೋಜಿಯಲ್ಲಿ ಕರಡಿಗಳನ್ನು ಕಾಯುವ ಇಲಾಖೆಯೇ ಈ ಹೊಳೆಯನ್ನೂ ಕಾಯಬೇಕು ಎಂಬುದು ನೆನಪಿರಲಿ.

ಅಮೆರಿಕದ ಹಲವು ರಾಜ್ಯಗಳಲ್ಲಿ ವನ್ಯಜೀವಿ ಅಧಿಕಾರಿ ನೀರಿನ ಅಧಿಕಾರಿಯೂ ಹೌದು. ಫ್ಲೋರಿಡಾದ ಮೀನು ಮತ್ತು ವನ್ಯಜೀವಿ ಆಯೋಗ ಹುಟ್ಟಿದ್ದು 1999ರಲ್ಲಿ. ಅದರ ಅಧಿಕಾರಿ ಕಡಲಲ್ಲಿ ಒಂದು ದೋಣಿಯನ್ನು ನಿಲ್ಲಿಸಿದರೆ ಮೀನು ಹಿಡಿಯುವ ಪರವಾನಗಿ ನೋಡುತ್ತಾನೆ, ಹಿಡಿದ ಮೀನಿನ ಉದ್ದ ಅಳೆಯುತ್ತಾನೆ, ಆಮೇಲೆ ದೋಣಿಯಲ್ಲಿರುವ ಪ್ರತಿ ತಲೆಗೂ ಲೈಫ್ ಜಾಕೆಟ್ ಇದೆಯೇ, ಚಾಲಕ ಕುಡಿದಿದ್ದಾನೆಯೇ ಎಂದೂ ಅವನೇ ಪರೀಕ್ಷಿಸುತ್ತಾನೆ. ಸಾಗುತ್ತಿರುವ ದೋಣಿಯಲ್ಲಿ 13 ವರ್ಷದೊಳಗಿನ ಮಗು ಜಾಕೆಟ್ ತೊಟ್ಟೇ ಇರಬೇಕು ಎಂಬುದು ಆ ದೇಶದ ನಿಯಮ. ಮೀನಿನ ಕಾನೂನು, ಮನುಷ್ಯನ ಸುರಕ್ಷತೆಯ ಕಾನೂನು ಎರಡನ್ನೂ ಒಬ್ಬನ ಕೈಗೆ ಕೊಟ್ಟಿದ್ದಕ್ಕೆ ಕಾರಣ ಸರಳ: ನೀರಿನ ಮೇಲೆ ಹೇಗೂ ಇರುವವನು ಅವನು. ಅಲ್ಲಿನ ಹಣ, ಎಂಜಿನ್ ದೋಣಿಗಳು ನಮ್ಮಲ್ಲಿಲ್ಲ, ಎಂಜಿನ್ ದೋಣಿಯ ಗದ್ದಲ ನೀರುನಾಯಿಯ ಮಡುವಿಗೆ ಬೇಕಾಗಿಯೂ ಇಲ್ಲ. ನೀರಿಗಿಳಿದ ಅಧಿಕಾರಿಗೆ ಎರಡೂ ಕಾನೂನು ನೋಡುವ ಹೊಣೆ ಇರಬೇಕು ಎಂಬ ವಿವೇಕವನ್ನು ಮಾತ್ರ ನಾವು ತೆಗೆದುಕೊಳ್ಳಬಹುದು.

ಏಕೆಂದರೆ ಈ ಹೊಳೆಯಲ್ಲಿ ಮನುಷ್ಯರೂ ಸಾಯುತ್ತಿದ್ದಾರೆ.

ಆನೆಗೊಂದಿಯ ತೆಪ್ಪಕ್ಕೆ ಐದು ಶತಮಾನದ ಲಿಖಿತ ದಾಖಲೆಯಿದೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಜನ ಇಲ್ಲಿ ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ಹೊಳೆ ದಾಟುತ್ತಿದ್ದರೆಂದು ಬರೆದಿದ್ದಾನೆ. ಒಳಗೆ ಬೆತ್ತದ ಹೆಣಿಗೆ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುವಷ್ಟು ಜಾಗ. ಅವು ನೆಟ್ಟಗೆ ಸಾಗದೆ ತಿರುಗುತ್ತಲೇ ಹೋಗುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಇವತ್ತಿನ ಹರಿಗೋಲಿನ ಹೊದಿಕೆ ಬದಲಾಗಿದೆ: ಡಾಂಬರು ಬಳಿದ ಪ್ಲಾಸ್ಟಿಕ್ಕೋ ಫೈಬರ್ರೋ ಬಂದಿದೆ. ತಿರುಗುವ ಸ್ವಭಾವ ಬದಲಾಗಿಲ್ಲ. ಅಡಿ ಚಪ್ಪಟೆಯಾದ ಈ ದೋಣಿ ಬಂಡೆಗೆ ತಾಗಿದರೆ ಒಡೆಯದೆ ಜಾರಿಕೊಂಡು ಹೋಗುತ್ತದೆ, ಮೊಳದುದ್ದ ನೀರಿನಲ್ಲೂ ತೇಲುತ್ತದೆ. ಬಂಡೆಗಳ ಹೊಳೆಗೆ ಇದಕ್ಕಿಂತ ಒಳ್ಳೆಯ ದೋಣಿಯಿಲ್ಲ. ಆದರೆ ಒಂದೇ ಪಕ್ಕಕ್ಕೆ ಭಾರ ಬಿದ್ದರೆ ಅದು ಮಗುಚುತ್ತದೆ. ಫೋಟೊಗೆಂದು ನಾಲ್ವರು ಒಟ್ಟಿಗೆ ಒಂದು ಬದಿಗೆ ವಾಲಿದರೆ ಅಷ್ಟೇ ಸಾಕು. ಪ್ರವಾಸಿಗರನ್ನು ಖುಷಿಪಡಿಸಲು ಬೇಕೆಂದೇ ಗಿರಗಿರನೆ ತಿರುಗಿಸುವ ರೂಢಿ ಇನ್ನೂ ಅಪಾಯದ್ದು.

ದೋಣಿಗಿಂತ ಹೆಚ್ಚಿನ ಅಪಾಯ ನೀರಿನಲ್ಲಿದೆ. ಇದು ತನ್ನಷ್ಟಕ್ಕೆ ಏರಿಳಿಯುವ ಹೊಳೆಯಲ್ಲ, ಮೇಲೆ ಅಣೆಕಟ್ಟೆಯಿದೆ. ಆಕಾಶ ನಿರಭ್ರವಾಗಿದ್ದಾಗಲೂ ಗೇಟು ಎತ್ತಿದರೆ ಕೆಳಗಿನ ಬಂಡೆಗಳು ಮುಳುಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದಾಗ, ಅಣೆಕಟ್ಟೆಯ ಮೇಲಿನ ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. 2019ರ ಆಗಸ್ಟ್ ಪ್ರವಾಹದಲ್ಲಿ ಹೊಳೆಯ ನಡುಗಡ್ಡೆಯಾದ ವಿರುಪಾಪುರ ಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದಿದ್ದರು. ಅವರನ್ನು ಕರೆತರಲು ಹೋದ ರಕ್ಷಣಾ ಸಿಬ್ಬಂದಿಯ ದೋಣಿಯೇ ಮಗುಚಿ, ಆಮೇಲೆ ಅವರನ್ನೂ ಉಳಿಸಬೇಕಾಯಿತು. ತರಬೇತಿ ಪಡೆದವರ ಗತಿಯೇ ಹೀಗಾದರೆ ಮೊದಲ ಸಲ ಹೊಳೆ ನೋಡಿದವರ ಪಾಡೇನು? 2025ರ ಫೆಬ್ರುವರಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಯುವ ವೈದ್ಯೆಯೊಬ್ಬರು ಸಾಣಾಪುರದ ಬಳಿ ಬಂಡೆಯಿಂದ ಹೊಳೆಗೆ ಧುಮುಕಿ ಸೆಳೆತಕ್ಕೆ ಸಿಕ್ಕಿ ತೀರಿಕೊಂಡರು. ಆಕೆಗೆ ಈಜು ಗೊತ್ತಿರಲಿಲ್ಲವೆಂದಲ್ಲ. ನಮ್ಮ ಹೊಳೆಯ ಬಂಡೆಗಳ ಕೆಳಗೆ ಗವಿಗಳಿವೆ, ಮೇಲೆ ಶಾಂತವಾಗಿ ಕಾಣುವ ನೀರು ಅಡಿಯಲ್ಲಿ ಒಳಕ್ಕೆ ಎಳೆಯುತ್ತದೆ. ಆನೆಗೊಂದಿಯ ಅಂಬಿಗರಿಗೆ ಯಾವ ತಿಂಗಳಲ್ಲಿ ಯಾವ ಮಡು ಎಳೆಯುತ್ತದೆ ಎಂಬುದು ಗೊತ್ತಿರುತ್ತದೆ. ಆ ತಿಳಿವಳಿಕೆಯನ್ನು ಒಂದು ಸರ್ಕಾರಿ ಫಲಕದ ಮೇಲೂ ನಾವು ಬರೆದು ಹಾಕಿಲ್ಲ.

ತೆಪ್ಪ ನಡೆಸುವವರನ್ನು ಅಪರಾಧಿಗಳಂತೆ ನೋಡುವುದು ನನಗೆ ಒಪ್ಪಿಗೆಯಿಲ್ಲ. ಆನೆಗೊಂದಿ ಮತ್ತು ತಳವಾರಘಟ್ಟದ ನಡುವೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರ ಜೀವ ಹೋದ ಮೇಲೆ ಅಲ್ಲಿನ ಜನ ವರ್ಷಗಟ್ಟಲೆ ಹೊಳೆ ದಾಟಿದ್ದು ಈ ಅಂಬಿಗರನ್ನು ನಂಬಿ. 2020ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಂತೆ ವಿರುಪಾಪುರ ಗಡ್ಡಿಯ ರೆಸಾರ್ಟುಗಳನ್ನು ಕೆಡವಿದಾಗ ದುಡಿಮೆ ಹೋದವರಲ್ಲಿ ತೆಪ್ಪದವರೂ ಇದ್ದರು. ಅವಘಡ ಆದಾಗ ಪೂರ್ತಿ ನಿಷೇಧ ಹೇರುವುದು ಅಧಿಕಾರಿಗಳಿಗೆ ಸುಲಭದ ದಾರಿ, ಮತ್ತು ನನ್ನ ದೃಷ್ಟಿಯಲ್ಲಿ ಅತ್ಯಂತ ಕೆಟ್ಟ ದಾರಿ. ನಿಷೇಧದ ತೆಪ್ಪ ನಿಂತುಹೋಗುವುದಿಲ್ಲ, ಕತ್ತಲಿಗೆ ಸರಿಯುತ್ತದೆ. ಕತ್ತಲಲ್ಲಿ ಹೊರಡುವ ತೆಪ್ಪಕ್ಕೆ ಜಾಕೆಟ್ಟೂ ಇರುವುದಿಲ್ಲ, ಎಷ್ಟು ಜನ ಹತ್ತಿದರೆಂಬ ಲೆಕ್ಕವೂ ಇರುವುದಿಲ್ಲ. ಅಲ್ಲದೆ ನೀರುನಾಯಿಗಳು ಬಿಲದಿಂದ ಹೊರಗೆ ಬರುವುದು ಹೆಚ್ಚಾಗಿ ಮುಂಜಾನೆ, ಮುಸ್ಸಂಜೆಯಲ್ಲೇ.

ಬೇಕಾಗಿರುವುದು ನೋಂದಣಿ. 2021ರ ಒಳನಾಡು ಹಡಗುಗಳ ಕಾಯ್ದೆ 1917ರ ಹಳೆಯ ಕಾಯ್ದೆಯ ಜಾಗಕ್ಕೆ ಬಂತು. ಅದರ ಬಹುಪಾಲು ಎಂಜಿನ್ ಇರುವ ಹಡಗು ದೋಣಿಗಳ ಬಗ್ಗೆ ಮಾತಾಡುತ್ತದೆ. ಆದರೆ ಹುಟ್ಟು ಹಾಕಿ ನಡೆಸುವ ದೋಣಿಗಳನ್ನು ದಾಖಲಿಸುವ ಕೆಲಸವನ್ನು ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದು ಎಂದೂ ಹೇಳುತ್ತದೆ. ಆನೆಗೊಂದಿ, ಸಾಣಾಪುರದ ಗ್ರಾಮ ಪಂಚಾಯಿತಿಗಳು ಈ ಕೆಲಸ ಮಾಡಬಲ್ಲವು. ಪ್ರತಿ ತೆಪ್ಪಕ್ಕೆ ಒಂದು ಸಂಖ್ಯೆ, ಅದರ ಮೈಮೇಲೆ ದೊಡ್ಡ ಅಕ್ಷರದಲ್ಲಿ ಎಷ್ಟು ಜನ ಎಂಬ ಬರಹ, ಹತ್ತುವ ಮುಂಚೆಯೇ ಜಾಕೆಟ್, ಸಂಜೆ ಹೊತ್ತು ಮುಳುಗುವ ಮುನ್ನ ದಡಕ್ಕೆ, ಅಣೆಕಟ್ಟೆಯಿಂದ ಇಷ್ಟು ಕ್ಯುಸೆಕ್ ಮೀರಿ ನೀರು ಬಿಟ್ಟರೆ ಆ ದಿನ ತೆಪ್ಪವಿಲ್ಲ ಎಂಬ ಒಂದು ಗೆರೆ. ಜಾಕೆಟ್ ಬೇಕು, ಮಿತಿಮೀರಿ ಜನ ಹತ್ತಿಸಬಾರದು ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರ ದೋಣಿ ಸುರಕ್ಷತೆಯ ಮಾರ್ಗಸೂಚಿಯಲ್ಲೇ ಹೇಳಿದೆ. ಇದರ ಜೊತೆಗೆ ನೀರುನಾಯಿ ಮರಿ ಮಾಡುವ ಬಂಡೆಗುಂಪುಗಳ ಹತ್ತಿರ ತೆಪ್ಪ ಹೋಗದಂತೆ ಒಂದು ಗಡಿ. ಹೀಗೆ ಮಾಡಿದರೆ ಪಾಲಕ ದಂಡೆಯಲ್ಲಿ ನಿಂತೇ ದುರ್ಬೀನಿನಲ್ಲಿ ಸಂಖ್ಯೆ ಓದಬಹುದು.

ಈಗ ಬೆಸ್ತರ ಮಾತಿಗೆ ಬರುತ್ತೇನೆ, ಇದು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನೀರುನಾಯಿ ಬಲೆ ಹರಿಯುತ್ತದೆ, ಸಿಕ್ಕ ಮೀನನ್ನು ಅರ್ಧ ತಿಂದು ಬಿಡುತ್ತದೆ ಎಂಬ ದೂರು ನಿಜ. ಸಾಲ ಮಾಡಿ ತಂದ ನೈಲಾನ್ ಬಲೆಗೆ ತೂತು ಬಿದ್ದರೆ ನಷ್ಟ ಆ ಮನೆಯದು, ಕಾಯ್ದೆಯದಲ್ಲ. ಆ ನಷ್ಟಕ್ಕೆ ಪರಿಹಾರ ಕೊಡದೆ ಪ್ರಾಣಿಯನ್ನು ಪ್ರೀತಿಸಿ ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಅದೇ ಹೊತ್ತಿಗೆ ಇನ್ನೊಂದು ಲೆಕ್ಕವನ್ನೂ ಮಾಡಬೇಕು. ಒಂದು ನೀರುನಾಯಿ ದಿನಕ್ಕೆ ಸುಮಾರು ಒಂದು ಕಿಲೋ ಮೀನು ತಿನ್ನುತ್ತದೆ. ಒಂದು ಸಿಡಿತ, ಒಂದು ಡಬ್ಬಿ ಕೀಟನಾಶಕ ಇಡೀ ಮಡುವಿನ ಮುಂದಿನ ಪೀಳಿಗೆಯನ್ನೇ ಮುಗಿಸುತ್ತದೆ. ಸೊಳ್ಳೆಪರದೆಯಂಥ ಸಣ್ಣ ಕಣ್ಣಿನ ಬಲೆ ಬೆರಳುದ್ದದ ಮರಿಗಳನ್ನೂ ಬಿಡುವುದಿಲ್ಲ. ಮುಂಗಾರಿನ ಮೊದಲ ಕೆಂಪು ನೀರಿಗೆ ಮೊಟ್ಟೆಯಿಡಲು ಮೇಲೇರುವ ಮೀನನ್ನು ಆ ಹೊತ್ತಲ್ಲೇ ಅಡ್ಡಗಟ್ಟಿ ಹಿಡಿದರೆ ಸುಗ್ಗಿಗೆ ಮೀನೆಲ್ಲಿಂದ ಬರಬೇಕು? ಹೊಳೆಯನ್ನು ಬರಿದು ಮಾಡುತ್ತಿರುವವನು ನಾಲ್ಕು ಕಾಲಿನ ಬೇಟೆಗಾರನಲ್ಲ ಎಂಬುದು ಹಿರಿಯ ಬೆಸ್ತರಿಗೆ ಚೆನ್ನಾಗಿ ಗೊತ್ತು. ಬಾಂಗ್ಲಾದೇಶದ ನಡೈಲ್ ಕಡೆಯ ಮೀನುಗಾರರು ಇದೇ ಜಾತಿಯ ನೀರುನಾಯಿಗಳನ್ನು ಪಳಗಿಸಿ, ಮೀನನ್ನು ಬಲೆಯತ್ತ ಅಟ್ಟಲು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ.

ಹೀಗಿರುವಾಗ ಸಂರಕ್ಷಣಾ ಮೀಸಲನ್ನು ನಡೆಸುವ ಸಮಿತಿಯಲ್ಲಿ ಯಾರಿರಬೇಕು? ವನ್ಯಜೀವಿ ಕಾಯ್ದೆಯ ಕಲಂ 36ಬಿ ಪಟ್ಟಿ ಕೊಡುತ್ತದೆ: ಅರಣ್ಯ ಇಲಾಖೆಯ ಒಬ್ಬರು, ಮೀಸಲಿಗೆ ಸೇರಿದ ಪ್ರತಿ ಗ್ರಾಮ ಪಂಚಾಯಿತಿಯಿಂದ ಒಬ್ಬರು, ವನ್ಯಜೀವಿ ಸಂರಕ್ಷಣೆಯಲ್ಲಿ ದುಡಿಯುವ ಸಂಸ್ಥೆಗಳಿಂದ ಮೂವರು, ಕೃಷಿ ಇಲಾಖೆಯವರು, ಪಶುಸಂಗೋಪನೆಯವರು. ಮೀನುಗಾರಿಕೆ ಇಲಾಖೆಯ ಹೆಸರಿಲ್ಲ. ಮೀನುಗಾರನ ಹೆಸರೂ ಇಲ್ಲ. ಕಾಯ್ದೆ ಬರೆದವರ ಕಣ್ಣೆದುರು ಇದ್ದದ್ದು ಕಾಡಂಚಿನ ಹೊಲ, ಅಲ್ಲಿ ಮೇಯುವ ದನ. ಆ ಮನಸ್ಸಿನಿಂದ ಹುಟ್ಟಿದ ಸಮಿತಿಗೆ ಒಂದು ಹೊಳೆಯನ್ನು ಒಪ್ಪಿಸಿದ್ದೇವೆ. ಇದನ್ನು ತಿದ್ದಲು ಸಂಸತ್ತಿಗಾಗಿ ಕಾಯಬೇಕಿಲ್ಲ. ದಂಡೆಯ ಪಂಚಾಯಿತಿಗಳು ತಮ್ಮ ಪ್ರತಿನಿಧಿಯಾಗಿ ಒಬ್ಬ ಬೆಸ್ತರ ಸದಸ್ಯನನ್ನೋ ಸದಸ್ಯೆಯನ್ನೋ ಕಳಿಸಲು ಇವತ್ತೇ ಯಾವ ಅಡ್ಡಿಯೂ ಇಲ್ಲ. ಮೀನುಗಾರರ ಸಹಕಾರ ಸಂಘದ ಅಧ್ಯಕ್ಷರನ್ನು ಸಭೆಗೆ ಆಹ್ವಾನಿಸಲೂ ಅಡ್ಡಿಯಿಲ್ಲ. ಗಸ್ತಿಗೆ ದೋಣಿ ಬೇಕಾದರೆ ಅಂಬಿಗರ ತೆಪ್ಪಗಳನ್ನೇ ದಿನಗೂಲಿಗೆ ಹಿಡಿಯಬಹುದು. ಎಂಜಿನ್ನಿನ ಸದ್ದಿಲ್ಲ, ಬಂಡೆಯ ಭಯವಿಲ್ಲ, ಪ್ರವಾಸಿಗರಿಲ್ಲದ ತಿಂಗಳಲ್ಲಿ ಒಂದು ಮನೆಗೆ ಕೂಲಿಯೂ ಆಗುತ್ತದೆ.

ಕುಷ್ಟಗಿ, ಯಲಬುರ್ಗಾದ ಓದುಗರು ಇದು ನಮ್ಮ ಮಾತಲ್ಲ ಎಂದುಕೊಳ್ಳಬಾರದು. ದೊಡ್ಡ ಹೊಳೆಯಿಲ್ಲದ ಆ ಒಣನೆಲದಲ್ಲಿ ಕೆರೆಗಳಿವೆ. 2017ರಲ್ಲಿ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳು ತೆಗೆಸಲು ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ಮುಂದಾಯಿತು. 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳತ್ವದಲ್ಲಿ ಜನ ಹಿರೇಹಳ್ಳಕ್ಕೆ ಇಳಿದು ಸ್ವಚ್ಛ ಮಾಡಿದರು, ಅದೇ ಹುರುಪಿನಲ್ಲಿ ಕುಷ್ಟಗಿಯ ನಿಡಶೇಸಿ ಕೆರೆಯೂ ಮರುಜೀವ ಪಡೆಯಿತು. ನೀರು ನಿಂತ ಮೇಲೆ ಹಕ್ಕಿ ಬಂದವು, ಮೀನು ಬಂದವು, ಅವುಗಳ ಹಿಂದೆ ಬಲೆಯೂ ಬಂತು. ಕೆರೆಯ ಮೀನು ಹಿಡಿಯುವ ಹಕ್ಕು ಗುತ್ತಿಗೆಯ ಮೂಲಕ ಹೋಗುತ್ತದೆ. ಗುತ್ತಿಗೆ ಪಡೆದವನು ಯಾವ ಜಾತಿಯ ಮರಿ ಬಿಡುತ್ತಾನೆ ಎಂಬುದನ್ನು ಊರವರು ನೋಡಬೇಕು. ಕಾಟ್ಲಾ, ರೋಹು, ಮೃಗಾಲದ ಬದಲು ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಷ್ ಕೆರೆಗೆ ಸೇರಿದರೆ, ಅದು ಮಳೆಗಾಲದ ಕೋಡಿ ದಾಟಿ ಹಳ್ಳ ಹಿಡಿದು ತುಂಗಭದ್ರೆ ಮುಟ್ಟಬಲ್ಲದು. ಸಿಕ್ಕಿದ್ದನ್ನೆಲ್ಲ ತಿನ್ನುವ ಆ ಮೀನನ್ನು ಆಮೇಲೆ ಹೊಳೆಯಿಂದ ಹೊರಹಾಕುವ ಉಪಾಯ ಯಾರ ಹತ್ತಿರವೂ ಇಲ್ಲ. ಹೂಳು ತೆಗೆದು ಆಳ ಮಾಡಿದ ಕೆರೆಗಳ ಅಂಚು ಕಡಿದಾಗಿರುತ್ತದೆ. ಬೇಸಿಗೆ ರಜೆಯಲ್ಲಿ ಈಜಲು ಇಳಿಯುವ ಮಕ್ಕಳಿಗೆ ಅದು ತಿಳಿಯುವುದಿಲ್ಲ. ಎರಡು ಗಾಳಿ ತುಂಬಿದ ಟ್ಯೂಬು, ಒಂದು ಉದ್ದನೆ ಹಗ್ಗವನ್ನು ದಂಡೆಯ ಗುಡಿಯಲ್ಲಿ ಇಡಲು ಪಂಚಾಯಿತಿಗೆ ಆಗುವ ಖರ್ಚು ಒಂದು ಸಭೆಯ ಚಹಾದಷ್ಟೂ ಇಲ್ಲ.

ಹೊಳೆಯಲ್ಲಿ ಸಿಡಿತ ಕೇಳಿದರೆ, ಮೀನು ಹೊಟ್ಟೆ ಮೇಲಾಗಿ ತೇಲಿದರೆ, ನೀರುನಾಯಿಯೋ ಮೊಸಳೆಯೋ ಸತ್ತು ಬಿದ್ದಿದ್ದರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಮನುಷ್ಯರ ಜೀವಕ್ಕೆ ಅಪಾಯವಿದ್ದರೆ 112. ಜಾಗ ಹೇಳುವಾಗ ಯಾವ ದಂಡೆ, ಹತ್ತಿರದ ಊರು ಯಾವುದು, ಗುಡಿ ಅಥವಾ ಪಂಪ್‌ಹೌಸ್ ಯಾವುದು ಎಂಬುದನ್ನು ಮೊದಲು ಹೇಳಿ, ಸಾಧ್ಯವಿದ್ದರೆ ಫೋನಿನ ಲೊಕೇಶನ್ ಕಳಿಸಿ. ಸತ್ತ ಮೀನನ್ನಾಗಲಿ ಪ್ರಾಣಿಯನ್ನಾಗಲಿ ಮುಟ್ಟಬೇಡಿ. ವಿಷ ಹಾಕಿದ್ದರೆ ಅದು ಕೈಗೆ ಹತ್ತುತ್ತದೆ, ಸಾಕ್ಷ್ಯವೂ ಕೆಡುತ್ತದೆ. ಆ ಮೀನನ್ನು ಮನೆಗೆ ಒಯ್ಯಬೇಡಿ. ಫೋಟೊ ತೆಗೆದು, ಸಮಯ ಗುರುತು ಹಾಕಿಕೊಂಡು, ಅಧಿಕಾರಿ ಬರುವವರೆಗೆ ದೂರದಲ್ಲಿ ನಿಂತು ಕಾಯಿರಿ. ಇಲಾಖೆ ಕೇಸು ದಾಖಲಿಸಲು ಹಿಂದೇಟು ಹಾಕಿದರೆ ವನ್ಯಜೀವಿ ಕಾಯ್ದೆಯ ಕಲಂ 55ರಂತೆ 60 ದಿನದ ನೋಟಿಸು ಕೊಟ್ಟು ಯಾವ ನಾಗರಿಕನಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು. ನೋಟಿಸು ಕೊಟ್ಟ ದಿನದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ, ನ್ಯಾಯಾಲಯ ಮೊದಲು ಕೇಳುವುದು ಅದನ್ನೇ.